ಊರು ಒಂದೇ, ಯಜಮಾನರು ಹಲವರು: ಮಂಗಳೂರಿನ ಗಡಿ ಲೆಕ್ಕ

ತಲಪಾಡಿಯಲ್ಲಿ ಬೆಳಿಗ್ಗೆ ಬಸ್ಸು ಹತ್ತಿ ಸ್ಟೇಟ್‌ಬ್ಯಾಂಕಿಗೆ ಟಿಕೇಟು ಕೇಳಿದವರಿಗೆ ಕಂಡಕ್ಟರ್ ಒಂದೇ ಟಿಕೇಟು ಹರಿದು ಕೊಡುತ್ತಾನೆ. ಅವನ ಲೆಕ್ಕದಲ್ಲಿ ಅದು ಒಂದೇ ಊರು. ಆದರೆ ಬಸ್ಸು ತಲಪಾಡಿ ಗ್ರಾಮ ಪಂಚಾಯತಿನಿಂದ ಹೊರಟು, ಕೋಟೆಕಾರು ಪಟ್ಟಣ ಪಂಚಾಯತ್, ಸೋಮೇಶ್ವರ ಪುರಸಭೆ, ಉಳ್ಳಾಲ ನಗರಸಭೆ ಇಷ್ಟನ್ನೂ ದಾಟಿ, ನೇತ್ರಾವತಿ ಸೇತುವೆ ಮೇಲೆ ಬಂದು ಜೆಪ್ಪಿನಮೊಗರಿನಲ್ಲಿ ಮಂಗಳೂರು ಮಹಾನಗರಪಾಲಿಕೆಗೆ ಕಾಲಿಡುತ್ತದೆ. ಹತ್ತು ಹನ್ನೆರಡು ಕಿಲೋಮೀಟರಿನ ದಾರಿಗೆ ಐದು ಸ್ಥಳೀಯ ಸರಕಾರಗಳು! ಸೀಟಿನಲ್ಲಿ ಕೂತವನಿಗೆ ಗಡಿ ಎಲ್ಲಿ ಬಂತು, ಎಲ್ಲಿ ಹೋಯಿತು ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಚರಂಡಿ ಕಟ್ಟಿದಾಗ, ನಲ್ಲಿ ನಿಂತಾಗ, ದಾರಿದೀಪ ಉರಿಯದಿದ್ದಾಗ. ಆಗ ಕೇಳಲು ಹೋದರೆ ಸಿಗುವ ಉತ್ತರವೂ ಒಂದೇ: "ಅದು ನಮ್ಮದಲ್ಲ ಮಾರಾಯ್ರೆ, ಆಚೆಯವರದ್ದು."

ಈ "ಆಚೆಯವರು" ಯಾರು? ಕುಡ್ಲದ ಜನ ಒಮ್ಮೆ ಕುಳಿತು ಲೆಕ್ಕ ಹಾಕಬೇಕಾದ ವಿಷಯ ಇದು. ಯಾಕೆಂದರೆ ಕೆಲವು ವರ್ಷಗಳಿಂದ "ಬೃಹತ್ ಮಂಗಳೂರು" ಎಂಬ ಮಾತು ಆಗಾಗ ಏಳುತ್ತದೆ, ಒಂದಿಷ್ಟು ಗದ್ದಲವಾಗುತ್ತದೆ, ಮತ್ತೆ ತಣ್ಣಗಾಗುತ್ತದೆ. ಸುತ್ತಲಿನದನ್ನೆಲ್ಲ ಪಾಲಿಕೆಗೆ ಸೇರಿಸಿಬಿಟ್ಟರೆ ಎಲ್ಲ ಸರಿಯಾಗುತ್ತದೆ ಎಂದು ಕೆಲವರು. ಸೇರಿಸಿದರೆ ತೆರಿಗೆ ಏರುತ್ತದೆ, ನೀರು ಮಾತ್ರ ಬರುವುದಿಲ್ಲ ಎಂದು ಇನ್ನು ಕೆಲವರು. ಇಬ್ಬರ ಮಾತಿನಲ್ಲೂ ಅರ್ಧ ಸತ್ಯ ಉಂಟು.

ಪುರಸಭೆಯಿಂದ ಪಾಲಿಕೆಗೆ

ಮಂಗಳೂರಿಗೆ ಪುರಸಭೆ ಬಂದದ್ದು 1866ರಲ್ಲಿ, ಮದರಾಸು ಆಡಳಿತದ ಕಾಲದಲ್ಲಿ. ಮಹಾನಗರಪಾಲಿಕೆ ಆದದ್ದು 1980ರಲ್ಲಿ. ಅಂದರೆ ನೂರಕ್ಕೂ ಹೆಚ್ಚು ವರ್ಷ ಪುರಸಭೆಯಾಗಿಯೇ ಇದ್ದ ಊರು ಇದು. ಈ ನಡುವೆ ಊರು ಬೆಳೆದದ್ದು ಪೇಟೆಯೊಳಗೆ ಮಾತ್ರವಲ್ಲ. ಪಣಂಬೂರಿನಲ್ಲಿ ಬಂದರು ಎದ್ದಿತು. 1974ರಲ್ಲಿ ಅದು ದೇಶದ ದೊಡ್ಡ ಬಂದರುಗಳ ಪಟ್ಟಿಗೆ ಸೇರಿತು. ಬಂದರಿಗಾಗಿ ಮನೆಮಾರು ಕಳಕೊಂಡವರಿಗೆ ಕಾಟಿಪಳ್ಳ, ಕೃಷ್ಣಾಪುರದಲ್ಲಿ ಸೈಟು ಸಿಕ್ಕಿತು. ಬೈಕಂಪಾಡಿಯಲ್ಲಿ ಕಾರ್ಖಾನೆಗಳು ಬಂದವು, ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಕಾಲೇಜು, ಕೊಣಾಜೆಯಲ್ಲಿ ವಿಶ್ವವಿದ್ಯಾನಿಲಯ. ಊರು ಬಡಗಿಗೂ ತೆಂಕಿಗೂ ಉದ್ದಕ್ಕೆ ಹರಿಯಿತು. ಪಡುವಣಕ್ಕೆ ಹೋಗಲು ಸಮುದ್ರ ಬಿಡುವುದಿಲ್ಲವಷ್ಟೆ.

ಬಡಗಿನ ಸುರತ್ಕಲ್ ಕಡೆಯ ಪ್ರದೇಶ 1990ರ ದಶಕದಲ್ಲಿ ಪಾಲಿಕೆಯ ತೆಕ್ಕೆಗೆ ಬಂತು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಬಜಾಲ್, ಕಣ್ಣೂರು, ಕುಡುಪು, ತಿರುವೈಲು ಸೇರಿದವು. ಹೀಗೆ 60 ವಾರ್ಡುಗಳಾದವು. ಒಂದನೇ ವಾರ್ಡು ಸುರತ್ಕಲ್‌ನಲ್ಲಿ, ಅರವತ್ತನೆಯದು ಬೆಂಗ್ರೆಯಲ್ಲಿ. ಬೆಂಗ್ರೆ ಎಂದರೆ ಹೊಳೆಗೂ ಕಡಲಿಗೂ ನಡುವಿನ ಮರಳು ಪಟ್ಟಿ. ಬಂದರಿನಿಂದ ದೋಣಿ ಹತ್ತಿದರೆ ಕೂಗಳತೆಯ ದೂರ, ರಸ್ತೆಯಲ್ಲಿ ಹೊರಟರೆ ಕೂಳೂರು ಸುತ್ತಿ ಬರಬೇಕು. ಪಾಲಿಕೆ ಕಚೇರಿಯ ನಕ್ಷೆಯಲ್ಲಿ ಎಲ್ಲವೂ ಹತ್ತಿರವೇ.

2011ರ ಜನಗಣತಿಯಂತೆ ಪಾಲಿಕೆಯೊಳಗಿನ ಜನ 4 ಲಕ್ಷ 88 ಸಾವಿರ. ಸುತ್ತಲಿನ ಪೇಟೆಗಳೂ ಸೇರಿದ ನಗರ ಪ್ರದೇಶದ ಲೆಕ್ಕ 6 ಲಕ್ಷ 23 ಸಾವಿರ. ವ್ಯತ್ಯಾಸದ ಒಂದೂಕಾಲು ಲಕ್ಷಕ್ಕೂ ಹೆಚ್ಚು ಜನರಲ್ಲಿ ಎಷ್ಟೋ ಮಂದಿ ದಿನಾ ಬೆಳಿಗ್ಗೆ ಪಾಲಿಕೆಯೊಳಗೆ ಬಂದು ದುಡಿದು, ಸಾಮಾನು ಕೊಂಡು, ಸಂಜೆ ಗಡಿ ದಾಟಿ ಮನೆಗೆ ಹೋಗುವವರು. ಇದು 2011ರ ಮಾತು. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ, 2027ಕ್ಕೆ ಹೋಯಿತು. ಹಾಗಾಗಿ ಊರು ಎಷ್ಟು ಉಬ್ಬಿದೆ ಎಂದು ತಿಳಿಯಲು ಸರಕಾರದ ಅಂಕಿಗಿಂತ ಸಂಜೆ ಆರು ಗಂಟೆಯ ಪಂಪ್‌ವೆಲ್ ವೃತ್ತವೇ ಹೆಚ್ಚು ನಂಬಲರ್ಹ!

ಎಷ್ಟು ಗಡಿ, ಎಷ್ಟು ಲೆಕ್ಕ

ಗಡಿಗಳು ಒಂದೇ ಬಗೆಯವಲ್ಲ ಎಂಬುದೇ ಮಂಡೆಬಿಸಿಯ ಮೂಲ. ಪಾಲಿಕೆಯ ಗಡಿ ಒಂದು. 1988ರಲ್ಲಿ ಬಂದ ನಗರಾಭಿವೃದ್ಧಿ ಪ್ರಾಧಿಕಾರದ ಗಡಿ ಇನ್ನೊಂದು. 2010ರಲ್ಲಿ ಶುರುವಾದ ಪೊಲೀಸ್ ಕಮಿಷನರೇಟಿನ ಗಡಿ ಮತ್ತೂ ದೊಡ್ಡದು. ಮೂಲ್ಕಿ, ಮೂಡುಬಿದಿರೆ, ಬಜ್ಪೆ, ಕೊಣಾಜೆ, ಉಳ್ಳಾಲ ಎಲ್ಲ ಅದರೊಳಗೆ. ಪೊಲೀಸರ ಲೆಕ್ಕದಲ್ಲಿ ಮೂಡುಬಿದಿರೆ ಮಂಗಳೂರು ನಗರದ ಜತೆಗೆ. ಕಂದಾಯದ ಲೆಕ್ಕದಲ್ಲಿ ಅದು ಬೇರೆಯೇ ತಾಲೂಕು. ಮೂಲ್ಕಿ, ಉಳ್ಳಾಲಗಳೂ ಈಚಿನ ವರ್ಷಗಳಲ್ಲಿ ಹಳೆಯ ಮಂಗಳೂರು ತಾಲೂಕಿನಿಂದ ಬೇರೆಯಾದವು. ಪಾಲಿಕೆಯ 60 ವಾರ್ಡುಗಳಾದರೂ ಒಬ್ಬ ಶಾಸಕರ ಕೈಯಲ್ಲಿಲ್ಲ. 38 ದಕ್ಷಿಣ ಕ್ಷೇತ್ರಕ್ಕೆ, 22 ಉತ್ತರ ಕ್ಷೇತ್ರಕ್ಕೆ.

ರೈಲಿನ ಗಡಿ ಇದಕ್ಕಿಂತ ಗಮ್ಮತ್ತು. ಸೆಂಟ್ರಲ್ ಸ್ಟೇಷನ್ನಿನ ಯಜಮಾನರು ಪಾಲಕ್ಕಾಡಿನಲ್ಲಿ. ಘಾಟಿ ಕಡೆಯ ಹಳಿ ಮೈಸೂರು ವಿಭಾಗದ್ದು. ಸುರತ್ಕಲ್ ನಿಲ್ದಾಣ ಕೊಂಕಣ ರೈಲ್ವೆಯದ್ದು. "ಮಂಗಳೂರು ವಿಮಾನ ನಿಲ್ದಾಣ" ಎಂದು ಬೋರ್ಡು ಹಾಕಿದ ಜಾಗ ಪಾಲಿಕೆಯ ಗಡಿಯ ಹೊರಗೆ, ಬಜ್ಪೆ ಕೆಂಜಾರು ಕಡೆ. ಹೆಸರು ಮಂಗಳೂರಿನದ್ದು, ನೆಲ ಆಚೆಯವರದ್ದು.

ಇಷ್ಟೆಲ್ಲ ಇದ್ದರೆ ಏನು ನಷ್ಟ, ಕೆಲಸ ಹಂಚಿಹೋಗುತ್ತದಲ್ಲ ಎಂದು ಕೇಳಬಹುದು. ಕೆಲಸ ಹಂಚಿಹೋದರೆ ಒಳ್ಳೆಯದೇ. ಇಲ್ಲಿ ಹಂಚಿಹೋಗುತ್ತಿರುವುದು ಜವಾಬ್ದಾರಿ.

ನೀರಿಗೆ ಗಡಿ ಇಲ್ಲ

ನೀರನ್ನೇ ತೆಗೆದುಕೊಳ್ಳಿ. ಮಂಗಳೂರಿನ ನಲ್ಲಿಗೆ ನೀರು ಬರುವುದು ನೇತ್ರಾವತಿಯ ತುಂಬೆ ಕಿಂಡಿ ಅಣೆಕಟ್ಟಿನಿಂದ. ತುಂಬೆ ಇರುವುದು ಬಂಟ್ವಾಳ ತಾಲೂಕಿನಲ್ಲಿ, ಪಾಲಿಕೆಯ ಗಡಿಯಿಂದ ಹೊರಗೆ. ಹೊಸ ಅಣೆಕಟ್ಟು ಕಟ್ಟಿ ನೀರಿನ ಮಟ್ಟ ಏರಿಸಿದಾಗ ಮುಳುಗುವ ಭೂಮಿ ಆಚೆಯ ರೈತರದ್ದು. ಅವರ ಪರಿಹಾರದ ಮಾತುಕತೆ ಬೇಗ ಮುಗಿಯುವ ಜಾತಿಯದ್ದಲ್ಲ. ಅಣೆಕಟ್ಟಿನಿಂದ ಮೇಲೆ ಬಂಟ್ವಾಳ ಪುರಸಭೆ. ಆ ಪೇಟೆಯ ಕೊಳಚೆ ಎಲ್ಲಿಗೆ ಹರಿಯುತ್ತದೆ ಎಂಬುದು ಬಂಟ್ವಾಳದವರ ಪ್ರಶ್ನೆ ಮಾತ್ರವಲ್ಲ, ಹಂಪನಕಟ್ಟೆಯ ಹೋಟೆಲಿನ ಚಹಾದ ಪ್ರಶ್ನೆಯೂ ಹೌದು. ಆದರೆ ಬಂಟ್ವಾಳದಲ್ಲಿ ಮಂಗಳೂರಿನವನ ಮತ ಇಲ್ಲ, ಮಂಗಳೂರಿನಲ್ಲಿ ಬಂಟ್ವಾಳದ ರೈತನ ಮತ ಇಲ್ಲ.

ತುಂಬೆಯ ನೀರು ಪಾಲಿಕೆಯ ಜನರಿಗೆ ಮಾತ್ರವೂ ಅಲ್ಲ. ಉಳ್ಳಾಲಕ್ಕೂ ಮೂಲ್ಕಿಗೂ ಅದರಿಂದ ಪಾಲು ಹೋಗುತ್ತ ಬಂದಿದೆ. ಮಳೆ ಚೆನ್ನಾಗಿದ್ದ ವರ್ಷ ಇದು ಯಾರ ಗಮನಕ್ಕೂ ಬರುವುದಿಲ್ಲ. 2016, 2019, 2023ರ ಬೇಸಗೆಗಳಲ್ಲಿ ಅಣೆಕಟ್ಟಿನ ನೀರು ತಳ ಹಿಡಿದು ರೇಷನ್ ಶುರುವಾದಾಗ ಎಲ್ಲರಿಗೂ ಗಡಿ ನೆನಪಾಯಿತು. ನಲ್ಲಿಯ ಕೊನೆಯಲ್ಲಿ ಇರುವವನಿಗೆ ನೀರೂ ಕೊನೆಗೆ. ಪಾಲಿಕೆಗೆ ಅವನು ಮತದಾರನಲ್ಲ. ಅವನ ಊರಿನ ಕೌನ್ಸಿಲರನಿಗೆ ತುಂಬೆಯ ಗೇಟಿನ ಮೇಲೆ ಅಧಿಕಾರವಿಲ್ಲ. ಬೊಬ್ಬೆ ಹೊಡೆಯುವುದಾದರೂ ಯಾರ ಎದುರು?

ಕಡಲಿಗೂ ಇದೇ ಮಾತು. ಉಳ್ಳಾಲದಲ್ಲಿ ಮನೆ ಹಿಡಿದ ತೆರೆ ಸೋಮೇಶ್ವರದ ಉಚ್ಚಿಲದಲ್ಲಿ ರಸ್ತೆ ತಿನ್ನುತ್ತದೆ. ಒಂದು ಕಡೆ ಕಲ್ಲು ಹಾಕಿದರೆ ಕೊರೆತ ಪಕ್ಕಕ್ಕೆ ಸರಿಯುತ್ತದೆ ಎಂಬುದು ಕರಾವಳಿಯ ಮೀನುಗಾರನಿಗೆ ಹಳೆಯ ಪಾಠ. ನಗರಸಭೆಗೂ ಪುರಸಭೆಗೂ ಅಲ್ಲಿ ಕೆಲಸವೇ ಇಲ್ಲ, ಕಲ್ಲು ಹಾಕುವವರು ಬಂದರು ಇಲಾಖೆಯವರು. ಆದರೆ ಮಳೆಗಾಲದ ರಾತ್ರಿ ಬಾಗಿಲು ತಟ್ಟುವುದು ಮಾತ್ರ ವಾರ್ಡಿನ ಸದಸ್ಯನದ್ದೇ.

ಬೈಗುಳ ಯಾರಿಗೆ, ಕೆಲಸ ಯಾರದ್ದು

ಪಂಪ್‌ವೆಲ್ ಮೇಲ್ಸೇತುವೆಯ ಕಥೆ ಮರೆತವರು ಯಾರು? ವರ್ಷದ ಮೇಲೆ ವರ್ಷ ಎಳೆದು, ಊರವರ ತಮಾಷೆಗೆ ವಸ್ತುವಾಗಿ, ಕೊನೆಗೂ ವಾಹನ ಬಿಟ್ಟದ್ದು 2020ರ ಜನವರಿ ಕೊನೆಗೆ. ತೊಕ್ಕೊಟ್ಟಿನದ್ದು ಅದಕ್ಕೂ ಸ್ವಲ್ಪ ಮೊದಲು, 2019ರ ಜೂನ್‌ನಲ್ಲಿ. ಅಷ್ಟೂ ಕಾಲ ಅಂಗಡಿಯವರು ಧೂಳು ಕುಡಿದು ಶಪಿಸಿದ್ದು ಪುರಪಿತೃಗಳನ್ನು. ಆದರೆ ರಸ್ತೆ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು. ಪಾಲಿಕೆಗೆ ಅಲ್ಲಿ ಒಂದು ಕಲ್ಲು ಕದಲಿಸುವ ಹಕ್ಕೂ ಇರಲಿಲ್ಲ. ಸುರತ್ಕಲ್‌ನ ಟೋಲ್ ಗೇಟೂ ಹಾಗೆಯೇ. ಪಾಲಿಕೆಯ ಗಡಿಯೊಳಗೇ ಇದ್ದ ಅದನ್ನು ತೆಗೆಸಲು ಜನ ಬೀದಿಗಿಳಿಯಬೇಕಾಯಿತು. ಅದು ನಿಂತದ್ದು 2022ರ ಡಿಸೆಂಬರ್ 1ರಂದು. ತೀರ್ಮಾನ ಬಂದದ್ದು ಲಾಲ್‌ಬಾಗಿನ ಪಾಲಿಕೆ ಕಟ್ಟಡದಿಂದಲ್ಲ, ದಿಲ್ಲಿಯಿಂದ.

ಬಸ್ಸಿನ ವಿಷಯಕ್ಕೆ ಬಂದರೆ, ಯಾವ ದಾರಿಗೆ ಪರ್ಮಿಟು, ಎಷ್ಟು ಟ್ರಿಪ್ಪು ಎಂದು ನಿರ್ಧರಿಸುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಬಸ್ಸು ಖಾಸಗಿಯವರದ್ದು. ನಿಲ್ದಾಣದ ಶೆಡ್ಡು ಪಾಲಿಕೆಯದ್ದು. ನಿಲ್ಲಿಸುವ ಜಾಗ ಟ್ರಾಫಿಕ್ ಪೊಲೀಸರದ್ದು. ರಾತ್ರಿ ಎಂಟೂವರೆಯ ನಂತರ ಬಸ್ಸು ಸಿಗದೆ ನಿಂತ ಅಂಗಡಿ ನೌಕರನದ್ದು ಮಾತ್ರ ಯಾರದ್ದೂ ಅಲ್ಲ.

ಇದರ ಮೇಲೆ 2016ರಲ್ಲಿ ಮಂಗಳೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಅದಕ್ಕೆಂದೇ ಬೇರೆ ಕಂಪೆನಿ, ಬೇರೆ ಲೆಕ್ಕ. ಪೇಟೆಯ ರಸ್ತೆ ಅಗೆದಾಗ "ಯಾರು ಅಗೆದದ್ದು" ಎಂದು ಕೇಳಿದರೆ ಪಾಲಿಕೆ ಕಂಪೆನಿಯತ್ತ ಬೆರಳು ತೋರಿಸಬಹುದಾದ ಅನುಕೂಲ! ಆ ಯೋಜನೆಯ ಅವಧಿ 2025ರ ಮಾರ್ಚ್‌ಗೆ ಮುಗಿಯಿತು. ಕಟ್ಟಿದ್ದನ್ನು ನೋಡಿಕೊಳ್ಳುವ ಖರ್ಚು ಕೊನೆಗೂ ಬೀಳುವುದು ಊರಿನ ತೆರಿಗೆದಾರನ ತಲೆಯ ಮೇಲೆಯೇ.

ಸೇರಿಸಿದರೆ ಸಾಕೇ?

ಹಾಗಾದರೆ ಎಲ್ಲವನ್ನೂ ಒಟ್ಟು ಮಾಡಿಬಿಡುವುದೇ ಮದ್ದು ಎಂದು ತೋರಬಹುದು. ಅವಸರ ಬೇಡ.

ಗಡಿಯೊಳಗೆ ಬಂದ ಮಾತ್ರಕ್ಕೆ ಕಾಳಜಿ ಬರುವುದಿಲ್ಲ ಎಂಬುದಕ್ಕೆ ಪಚ್ಚನಾಡಿ ಸಾಕ್ಷಿ. 2019ರ ಆಗಸ್ಟ್‌ನ ಮಳೆಗೆ ಅಲ್ಲಿನ ಕಸದ ಗುಡ್ಡ ಜಾರಿ ಕೆಳಗಿನ ಮಂದಾರದ ಮೇಲೆ ಬಿತ್ತು. ತೆಂಗು, ಕಂಗಿನ ತೋಟಗಳು ಕಸದಡಿ ಹೋದವು. ಇಪ್ಪತ್ತಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟು ಎದ್ದವು. ಮಂದಾರದವರು ಪಾಲಿಕೆಯ ಮತದಾರರೇ, ತೆರಿಗೆ ಕಟ್ಟುವವರೇ. ಇಡೀ ಊರಿನ ಕಸ ಒಂದು ಮೂಲೆಯ ಜನರ ಅಂಗಳಕ್ಕೆ ಬಂದು ಬಿದ್ದಾಗ ಅವರು "ಒಳಗಿನವರು" ಎಂಬುದರಿಂದ ಏನೂ ಉಪಕಾರವಾಗಲಿಲ್ಲ.

ಇನ್ನು ಪ್ರಾತಿನಿಧ್ಯದ ಲೆಕ್ಕ. ಕರ್ನಾಟಕದ ಗ್ರಾಮ ಪಂಚಾಯತಿನಲ್ಲಿ ಸುಮಾರು 400 ಜನರಿಗೆ ಒಬ್ಬ ಸದಸ್ಯ. ಅವನ ಮನೆ ಎಲ್ಲರಿಗೂ ಗೊತ್ತು. ಸಂಜೆ ಕಟ್ಟೆಯ ಬಳಿ ಸಿಗುತ್ತಾನೆ. 2011ರ ಲೆಕ್ಕದಲ್ಲಿ ಉಳ್ಳಾಲದ ಜನ 53 ಸಾವಿರ ಚಿಲ್ಲರೆ, ನಗರಸಭೆಗೆ 2018ರಲ್ಲಿ ಆರಿಸಿ ಬಂದ ಸದಸ್ಯರು 31. ಅಂದರೆ ಒಬ್ಬನಿಗೆ ಸುಮಾರು 1,700 ಜನ. ಮಂಗಳೂರು ಪಾಲಿಕೆಯಲ್ಲಿ 60 ಕಾರ್ಪೊರೇಟರುಗಳು, ಒಬ್ಬೊಬ್ಬರಿಗೆ 8,000ಕ್ಕೂ ಹೆಚ್ಚು ಜನ. ಉಳ್ಳಾಲವನ್ನು ಇದೇ ಅಳತೆಯಲ್ಲಿ ಪಾಲಿಕೆಗೆ ಸೇರಿಸಿದರೆ 31 ಮಂದಿ ಇದ್ದಲ್ಲಿ ಆರೋ ಏಳೋ ಮಂದಿ ಉಳಿಯುತ್ತಾರೆ. ಗ್ರಾಮ ಪಂಚಾಯತಿನವರಿಗೆ ನಷ್ಟ ಇನ್ನೂ ದೊಡ್ಡದು. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕು ಹೋಗುತ್ತದೆ. ಗ್ರಾಮೀಣ ಉದ್ಯೋಗ ಖಾತ್ರಿಯ ಕೂಲಿ ಹೋಗುತ್ತದೆ. ತೆರಿಗೆ ಚೀಟಿ ಮಾತ್ರ ಮೊದಲ ವರ್ಷವೇ ಬರುತ್ತದೆ. ಬಜ್ಪೆಯೋ ಕಿನ್ನಿಗೋಳಿಯೋ ಪಟ್ಟಣ ಪಂಚಾಯತ್ ಆದಾಗ ಹಳ್ಳಿ ಮೂಲೆಯ ಮನೆಯವರು ಅನುಮಾನದಿಂದ ನೋಡಿದ್ದು ಸುಮ್ಮನೆ ಅಲ್ಲ.

ದೊಡ್ಡದು ಮಾಡಿದರೆ ಏನಾಗುತ್ತದೆ ಎಂದು ನೋಡಲು ದೂರ ಹೋಗಬೇಕಾಗಿಲ್ಲ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಾಡಲಾಯಿತು. ಆ 110 ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ! ಆ ಬೃಹತ್ ಪಾಲಿಕೆಯನ್ನೇ 2025ರಲ್ಲಿ ಒಡೆದು ಐದು ಪಾಲಿಕೆ ಮಾಡಿ, ಮೇಲೊಂದು ಪ್ರಾಧಿಕಾರ ಕೂರಿಸಿದರು. ಅದೇ ವರ್ಷದ ಆರಂಭದಲ್ಲಿ ಹುಬ್ಬಳ್ಳಿಯಿಂದ ಧಾರವಾಡವನ್ನು ಬೇರೆ ಮಾಡಲು ಸಂಪುಟ ಒಪ್ಪಿತು. ಅತ್ತ ಒಡೆಯುವ ಕಾಲಕ್ಕೆ ಇತ್ತ ಸೇರಿಸುವ ಉತ್ಸಾಹ! ದೊಡ್ಡದಾದ ಕೂಡಲೇ ಚೆನ್ನಾಗುವುದಿಲ್ಲ, ಚಿಕ್ಕದಾದ ಕೂಡಲೇ ಹತ್ತಿರವಾಗುವುದೂ ಇಲ್ಲ.

ಖಾಲಿ ಕುರ್ಚಿಯ ವರ್ಷಗಳು

ಗಡಿಗಿಂತ ದೊಡ್ಡ ರೋಗ ಇನ್ನೊಂದು ಉಂಟು. ಅದು ಕುರ್ಚಿ ಖಾಲಿ ಬೀಳುವ ರೋಗ. 2013ರ ಮಾರ್ಚ್‌ನಲ್ಲಿ ಪಾಲಿಕೆಗೆ ಮತ ಹಾಕಿದ ಮಂಗಳೂರಿಗರು ಮೇಯರ್ ಮುಖ ಕಂಡದ್ದು 2014ರ ಮಾರ್ಚ್‌ನಲ್ಲಿ. ಮೀಸಲಾತಿ ತಕರಾರು. ಆ ಕೌನ್ಸಿಲಿನ ಅವಧಿ 2019ರ ಮಾರ್ಚ್‌ಗೆ ಮುಗಿಯಿತು. ಚುನಾವಣೆ ನಡೆದದ್ದು ನವೆಂಬರಿನಲ್ಲಿ, ಮೇಯರ್ ಬಂದದ್ದು 2020ರ ಫೆಬ್ರವರಿ ಕೊನೆಗೆ. ಮತ್ತೆ ಒಂದು ವರ್ಷ ಖೋತಾ. ಪಚ್ಚನಾಡಿಯ ಗುಡ್ಡ ಜಾರಿದ್ದು, ತುಂಬೆ ಬತ್ತಿದ್ದು ಎರಡೂ ಆ ಖಾಲಿ ವರ್ಷದಲ್ಲೇ. ಜನ ಕೇಳಲು ಹೋದರೆ ಎದುರಿಗೆ ಇದ್ದದ್ದು ಅಧಿಕಾರಿಯ ಮೇಜು ಮಾತ್ರ. 2025ರ ಫೆಬ್ರವರಿ ಕೊನೆಗೆ ಆ ನಂತರದ ಕೌನ್ಸಿಲಿನ ಅವಧಿಯೂ ಮುಗಿಯಿತು. ಹೊಸ ಚುನಾವಣೆ ಆಗಿರಲಿಲ್ಲ. ಮತ್ತೆ ಆಡಳಿತಾಧಿಕಾರಿ.

ಉಳ್ಳಾಲದವರು ಇದರಲ್ಲೂ ಒಂದು ಹೆಜ್ಜೆ ಮುಂದೆ. 2018ರ ಆಗಸ್ಟ್ ಕೊನೆಯಲ್ಲಿ ಮತ ಹಾಕಿದರು, ಅಧ್ಯಕ್ಷರ ಕುರ್ಚಿ ತುಂಬಿದ್ದು 2020ರ ಕೊನೆಗೆ. ರಾಜ್ಯದ ಬಹಳಷ್ಟು ಪುರಸಭೆಗಳ ಹಣೆಬರಹ ಆಗ ಅದೇ ಆಗಿತ್ತು.

ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಎಂದು ಸಂವಿಧಾನದ 74ನೇ ತಿದ್ದುಪಡಿ ಸ್ಪಷ್ಟವಾಗಿ ಹೇಳುತ್ತದೆ. ಅದು ಜಾರಿಗೆ ಬಂದದ್ದು 1993ರಲ್ಲಿ. ವಿಧಾನಸಭೆಯ ಚುನಾವಣೆ ಒಂದು ವರ್ಷ ತಡವಾದರೆ ದೇಶವೇ ಎದ್ದು ಕೂರುತ್ತದೆ. ಪಾಲಿಕೆಯದ್ದು ತಡವಾದರೆ ಯಾರೂ ಕೇಳುವುದಿಲ್ಲ. ಇದ್ದ ಊರಿಗೇ ಹೊತ್ತಿಗೆ ಸರಿಯಾಗಿ ಮೇಯರನ್ನು ಕೊಡಲಾಗದವರು ಇನ್ನೊಂದಿಷ್ಟು ಊರುಗಳನ್ನು ತೆಕ್ಕೆಗೆ ಹಾಕಿಕೊಂಡು ಮಾಡುವುದಾದರೂ ಏನು?

ಒಂದೇ ಮೇಜು

ಅದೇ ತಿದ್ದುಪಡಿಯಲ್ಲಿ ಇನ್ನೊಂದು ದಾರಿ ತೋರಿಸಿದೆ. ಹತ್ತು ಲಕ್ಷ ಮೀರಿದ ಮಹಾನಗರ ಪ್ರದೇಶಕ್ಕೆ ಯೋಜನಾ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಮೂರನೇ ಎರಡು ಪಾಲಿಗೆ ಕಡಿಮೆಯಿಲ್ಲದಂತೆ, ಅಲ್ಲಿನ ಪುರಸಭೆ ಸದಸ್ಯರು ಮತ್ತು ಪಂಚಾಯತ್ ಅಧ್ಯಕ್ಷರು ತಮ್ಮೊಳಗಿನಿಂದಲೇ ಆರಿಸಿದವರು ಇರಬೇಕು. ಯಾರ ಗಡಿಯೂ ಅಳಿಸುವುದಿಲ್ಲ, ಎಲ್ಲರೂ ಒಂದೇ ಮೇಜಿಗೆ ಬಂದು ಕೂರುತ್ತಾರೆ. 2011ರ ಲೆಕ್ಕದಲ್ಲಿ ಮಂಗಳೂರು ಹತ್ತು ಲಕ್ಷ ಮುಟ್ಟಲಿಲ್ಲ, ಹಾಗಾಗಿ ಕಾನೂನಿನಂತೆ ಅಂಥ ಸಮಿತಿ ಕಡ್ಡಾಯವಲ್ಲ. ಆದರೆ ಕಡ್ಡಾಯವಲ್ಲದ್ದನ್ನು ಮಾಡಬಾರದು ಎಂದೂ ಕಾನೂನು ಹೇಳಿಲ್ಲ.

ಪಾಲಿಕೆ, ಉಳ್ಳಾಲ, ಸೋಮೇಶ್ವರ, ಕೋಟೆಕಾರು, ಬಜ್ಪೆ, ಮೂಲ್ಕಿ, ಬಂಟ್ವಾಳ, ಜತೆಗೆ ಅಂಚಿನ ಪಂಚಾಯತುಗಳು. ಇಷ್ಟು ಮಂದಿಯ ಚುನಾಯಿತರು ತಿಂಗಳಿಗೊಮ್ಮೆ ಕೂತು ಮೂರೇ ವಿಷಯ ಮಾತಾಡಿದರೆ ಸಾಕು: ತುಂಬೆಯ ನೀರಿನ ಪಾಲು, ಕಸ ಹಾಕುವ ಜಾಗ, ಬಸ್ಸಿನ ದಾರಿ. ಹೆದ್ದಾರಿಯವರನ್ನೂ ಬಂದರು ಇಲಾಖೆಯವರನ್ನೂ ಅಲ್ಲಿಗೇ ಕರೆದು ನಿಲ್ಲಿಸಿ, ಆ ಸಭೆಯ ನಡಾವಳಿಯನ್ನು ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸಲಿ. ಗಡಿ ಎಲ್ಲಿ ಬೇಕಾದರೂ ಇರಲಿ, ಉತ್ತರ ಕೊಡುವವರು ಯಾರೆಂದು ಗೊತ್ತಾದರೆ ಜನರಿಗೆ ಅರ್ಧ ಸಮಾಧಾನ.

ಬೃಹತ್ ಮಂಗಳೂರಿನ ನಕ್ಷೆ ಬರೆಯಲು ಹೊರಟವರು ಪೆನ್ಸಿಲು ಹಿಡಿಯುವ ಮೊದಲು ಒಂದು ದಿನ ತಲಪಾಡಿಯಲ್ಲಿ ಬಸ್ಸು ಹತ್ತಿ ಮುಕ್ಕದವರೆಗೆ ಹೋಗಿ ಬರಲಿ. ನಿಂತುಕೊಂಡೇ ಹೋಗಲಿ, ಹೇಗೂ ಸೀಟು ಸಿಗುವುದಿಲ್ಲ. ದಾರಿಯುದ್ದಕ್ಕೂ ಜನ ಕೇಳುವುದು ಹೊಸ ಹೆಸರನ್ನಲ್ಲ, ಹೊಸ ಬೋರ್ಡನ್ನೂ ಅಲ್ಲ. ನೀರು ಬಾರದ ದಿನ ಹೋಗಿ ತಟ್ಟಲು ಒಂದು ಬಾಗಿಲು, ಆ ಬಾಗಿಲು ತೆರೆಯಲು ಒಳಗೊಬ್ಬ ಮನುಷ್ಯ. ಅಷ್ಟು ಕೊಡುವುದು ಸಂಬಂಧಪಟ್ಟವರಿಂದ ಸಾಧ್ಯವೇ?